ಮತ್ತೆ ಸುಟ್ಟ ಗಡಿಗೆಗಳು

ಮಾಂಶಿಯ ಎರಡೂ ಮುಂಗೈಗಳ ಮೇಲೆ ಒಂದು ಕೂದಲೂ ಇರಲಿಲ್ಲ. ಗಡಿಗೆ ಸುಡುವ ಆವಿಗೆಯ ಬಾಯಿಗೆ ಒಡ್ಡಿ ಒಡ್ಡಿ ಅವು ಬೋಳಾಗಿದ್ದವು; ಚರ್ಮ ನುಣ್ಣಗೆ, ಕೆಂಪಗೆ, ಆಗಷ್ಟೇ ಹೊರತೆಗೆದ ಹರವಿಯ ಹೊಟ್ಟೆಯ ಹಾಗೆ ಹೊಳೆಯುತ್ತಿತ್ತು. ಆ ಕೈ ಸುಮ್ಮನಿದ್ದದ್ದನ್ನು ನಾನು ಕಂಡದ್ದೇ ಅಪರೂಪ. ಮಣ್ಣು ನಾದದಿದ್ದರೆ ಕಸ ಆರಿಸುತ್ತಿತ್ತು, ಕಸ ಮುಗಿದರೆ ಹೋಗಿಬರುವವರ ಭುಜ ತಟ್ಟುತ್ತಿತ್ತು. ಊಟವನ್ನೂ ಅವಳು ನಿಂತೇ ಮಾಡುತ್ತಿದ್ದಳು, ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದು ಕೈಯಲ್ಲಿ ಒಣಗಲು ಇಟ್ಟ ಗಡಿಗೆಯನ್ನು ಬಿಸಿಲಿನತ್ತ ತಿರುಗಿಸುತ್ತ.

ಅವಳ ಬಗ್ಗೆ ಬರೆಯಬೇಕೆಂದು ಕೂತಾಗಲೆಲ್ಲ ನಾನೂ ಎದ್ದು ಓಡಾಡುತ್ತೇನೆ. ಕಾರಣ ಮೊದಲೇ ಹೇಳಿಬಿಡುತ್ತೇನೆ. ನಾನು ಆಡಿದ ಒಂದು ಮಾತಿನ ತಪ್ಪನ್ನು ಅವಳು ತನ್ನದೆಂದು ಹೊತ್ತುಕೊಂಡಳು. ಇಳಿಸಬಹುದಾಗಿದ್ದ ನಾನು ಬಾಯಿ ತೆರೆಯಲಿಲ್ಲ.

ಎರಡು ಸಾವಿರದ ಐದರ ಮಹಾಪೂರದಲ್ಲಿ ಕೃಷ್ಣೆ ಊರೊಳಗೆ ಬಂದು ಹೋದಳಲ್ಲ, ಅದರ ಮರುವರ್ಷ ನಾನು ಹೊಳೆದಂಡೆಯ ಆ ಊರಿಗೆ ಗುತ್ತಿಗೆಯ ಆರೋಗ್ಯ ಕಾರ್ಯಕರ್ತನಾಗಿ ಹೋದೆ. ಜುಗೂಳದಿಂದ ದೂರವಿಲ್ಲ. ಆಗ ನಮ್ಮದು ಅಥಣಿ ತಾಲೂಕು. ಕಾಗವಾಡ ಬೇರೆಯಾದದ್ದು ಆಮೇಲೆ. ಬಾವಿಗೆ ಬ್ಲೀಚಿಂಗ್ ಪುಡಿ ಹಾಕುವುದು, ಜ್ವರ ಬಂದವರ ರಕ್ತ ತೆಗೆಯುವುದು, ವಾಂತಿ-ಭೇದಿಗೆ ಉಪ್ಪು-ಸಕ್ಕರೆಯ ಪುಡಿ ಹಂಚುವುದು ನನ್ನ ಕೆಲಸ. ಬಾಡಿಗೆಗೆ ಸಿಕ್ಕ ಖೋಲಿ ಮಾಂಶಿಯ ಮನೆಗೆ ಅಂಟಿಕೊಂಡಿತ್ತು. ಗಂಡ ತೀರಿದ್ದ, ಮಗಳನ್ನು ಅಲಖನೂರಿಗೆ ಕೊಟ್ಟಿದ್ದಳು. ಓಣಿಯವರೆಲ್ಲ ಮಾಂಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು, ನಾನೂ ಅದನ್ನೇ ಅಂದೆ. ಅವಳು ನನ್ನನ್ನು ಡಾಕ್ಟರಪ್ಪ ಅಂದಳು.

"ಮಾಂಶಿ, ನಾ ಡಾಕ್ಟರ್ ಅಲ್ಲ."

"ಸೂಜಿ ಹಿಡದಾವ ಡಾಕ್ಟರ್. ನಾ ಮಣ್ಣ ಹಿಡದೀನಿ, ಕುಂಬಾರಾಕಿ. ಸರ್ಟಿಫಿಕೇಟ್ ಯಾರ್ ಕೇಳ್ತಾರ?"

ಪ್ರೀತಿ ಬಂದರೆ ಅವಳಿಗೆ ಕನ್ನಡ, ಸಿಟ್ಟು ಬಂದರೆ ಮರಾಠಿ. ಗಡಿಗೆ ಬಿರುಕು ಬಿಟ್ಟರೆ ಅದಕ್ಕೆ ಮರಾಠಿಯಲ್ಲಿ ಬೈಯುತ್ತಿದ್ದಳು: "ಕಾಯ್ ಝಾಲಂ ಗ ತುಲಾ?" ಏನಾಗಿದೆಯೇ ನಿನಗೆ ಎಂದು, ಹಟ ಮಾಡುವ ಹುಡುಗಿಯನ್ನು ಕೇಳಿದ ಹಾಗೆ. ಗಂಡ ತಿರುಗಿಸುತ್ತಿದ್ದ ತಿಗರಿಯನ್ನು ಅವಳು ಮುಟ್ಟುತ್ತಿರಲಿಲ್ಲ. ಹೆಂಗಸರು ತಿಗರಿಗೆ ಕೈ ಹಚ್ಚಬಾರದು ಎಂಬುದು ಅವರ ಮನೆಯ ಕಟ್ಟು. ಹಲಗೆಯಿಂದ ತಟ್ಟಿ ತಟ್ಟಿಯೇ ಅವಳು ಗಡಿಗೆ ಎಬ್ಬಿಸುತ್ತಿದ್ದಳು. ಆ ಸದ್ದು ನನಗೆ ಬೆಳಗಿನ ಅಲಾರಾಂ ಆಗಿತ್ತು.

ನಾನು ಹೋದ ವರ್ಷವೇ ಚಿಕೂನ್‌ಗುನ್ಯಾ ಬಂತು. ಓಣಿಗೆ ಓಣಿಯೇ ಮೊಣಕಾಲು ಹಿಡಿದುಕೊಂಡು ಕೂತಿತು. ಮಾಂಶಿಯ ಮಣಿಕಟ್ಟು ಊದಿ, ಹಲಗೆ ಎತ್ತಲಾಗದೆ, ಹೊಸ್ತಿಲ ಮೇಲೆ ಚಡಪಡಿಸುತ್ತಿದ್ದಳು. ಸೊಳ್ಳೆ ಎಲ್ಲಿ ಹುಟ್ಟುತ್ತದೆ ಎಂದು ನಾನು ಪಾಠ ಹೇಳಿದೆ: ತೆರೆದಿಟ್ಟ ನೀರು, ಮುಚ್ಚಳವಿಲ್ಲದ ಹರವಿ.

"ಅಂದ್ರ ನನ್ನ ಹರವ್ಯಾಗ ಹುಟ್ಟಿ ನನ್ನನ್ನ ಕಡದಾವೇನ? ಇದೇನ ಮರ್ಯಾದಿ!" ಎಂದಳು. ಕೈ ನೆಟ್ಟಗಾದ ಮೇಲೆ ಅವಳ ಅಂಗಳದಿಂದ ಮುಚ್ಚಳವಿಲ್ಲದೆ ಒಂದು ಗಡಿಗೆಯೂ ಹೊರಹೋಗಲಿಲ್ಲ. ನಾನು ಹಂಚಿದ ಕರಪತ್ರಗಳಿಗಿಂತ ಆ ಮುಚ್ಚಳಗಳೇ ಹೆಚ್ಚು ಕೆಲಸ ಮಾಡಿದವು ಎಂದು ನನ್ನ ನಂಬಿಕೆ.

ಹವೆ ಕೆಡುತ್ತಿರುವುದು ನನಗೆ ಗೊತ್ತಾದದ್ದೂ ಇಲಾಖೆಯ ಕಾಗದದಿಂದಲ್ಲ, ಅವಳ ಆವಿಗೆಯಿಂದ. ರೋಹಿಣಿ ಮಳೆಗೆ ಮುಂಚೆ ಕಡೆಯ ಆವಿಗೆ, ಮಳೆಗಾಲ ಮುಗಿದ ಮೇಲೆ ಪಣತಿಯ ಆವಿಗೆ, ಇದು ಅವಳ ಅತ್ತೆಯ ಕಾಲದಿಂದ ಬಂದ ಲೆಕ್ಕ. ಬರಬರುತ್ತ ದೀಪಾವಳಿಯ ಮುಂದೆ ದಬದಬ ಮಳೆ ಬಿದ್ದು ಹಸಿ ಪಣತಿ ಮತ್ತೆ ಮಣ್ಣಾಗತೊಡಗಿದವು. ಶಿವರಾತ್ರಿಗೇ ಒಣಗಾಳಿ ಬೀಸಿ ನೆರಳಲ್ಲಿಟ್ಟ ಹರವಿಯೂ ಸೀಳಿತು. "ಮಳಿ ತನ್ನ ವಾರ ಮರತೈತಿ ಡಾಕ್ಟರಪ್ಪ, ಬಿಸಲಿಗೆ ಮಾತ್ರ ಎಲ್ಲಾ ವಾರ ನೆನಪದಾವ" ಎನ್ನುತ್ತಿದ್ದಳು. ಕಬ್ಬು ಕಡಿಯುವ ಹೆಂಗಸರು ಬಿಸಿಲಿಗೆ ತಲೆ ತಿರುಗಿ ಬಿದ್ದರೆ ಅವಳ ಬೇವಿನ ಗಿಡದ ಕೆಳಗೇ ತಂದು ಹಾಕುತ್ತಿದ್ದರು. ಮಣ್ಣಿಗೆ ಹೊದಿಸಿದ ಹಸಿ ಗೋಣಿತಟ್ಟನ್ನೇ ಕಿತ್ತು ಅವರಿಗೆ ಸುತ್ತುತ್ತಿದ್ದಳು. "ಮಣ್ಣ ಸೀಳಿದ್ರ ಮತ್ತ ನಾದಬಹುದು. ಇವರನ್ನ ನಾದಾಕ ಬರತೈತೇನ?"

ನಡುವೆ ಹೊಳೆ ಬೇರೆ. ಬೇಸಿಗೆಯಲ್ಲಿ ಹಸಿರುಗಟ್ಟಿ ವಾಸನೆ ಹೊಡೆಯುವ ಮಡು, ಮಳೆಗಾಲದಲ್ಲಿ ಕೆಮ್ಮಣ್ಣಿನ ನೀರು. ಎರಡರಲ್ಲೂ ನನ್ನ ರಜಿಸ್ಟರಿನಲ್ಲಿ ವಾಂತಿ-ಭೇದಿಯ ಹೆಸರುಗಳೇ ಉದ್ದವಾಗುತ್ತಿದ್ದವು.

ಆಗ, ಎರಡು ಸಾವಿರದ ಹತ್ತೊಂಬತ್ತರ ಮಹಾಪೂರಕ್ಕೆ ಎರಡು ವರ್ಷ ಮೊದಲು, ದೂರದ ಊರಿನ ಕಾಲೇಜೊಂದರಿಂದ ಒಬ್ಬ ಮೇಡಮ್ಮಾರು ಬಂದರು. ಮಣ್ಣಿನ ಗಡಿಗೆಯಿಂದಲೇ ನೀರು ಸೋಸುವ ಯೋಜನೆ ಅವರದು. ಜೇಡಿಮಣ್ಣಿಗೆ ಕಬ್ಬಿನ ಒಣ ಸಿಪ್ಪೆಯ ಹಿಟ್ಟು ಬೆರೆಸಿ ಅಚ್ಚಿನ ಮೇಲೆ ತಟ್ಟಬೇಕು. ಸುಟ್ಟಾಗ ಸಿಪ್ಪೆ ಉರಿದುಹೋಗಿ ಕಣ್ಣಿಗೆ ಕಾಣದ ತೂತುಗಳು ಉಳಿಯುತ್ತವೆ. ಆ ತೂತುಗಳಿಂದ ನೀರು ಜಿನುಗಿ ಕೆಳಗಿನ ಬಕೆಟ್ಟಿಗೆ ಇಳಿಯುತ್ತದೆ. ಮಾಂಶಿ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು, ನಕ್ಕಳು.

"ಏನ್ರಿ ಮೇಡಮ್ಮಾರ, ಜಲಮಾ ಪೂರ್ತಿ ಸೋರದಂಥಾ ಗಡಿಗಿ ಮಾಡೀನಿ. ಈಗ ಸೋರೂದ ಮಾಡಂತೀರಿ? ನಮ್ಮತ್ತಿ ಇದ್ದಿದ್ರ ನನ್ನೂ ನಿಮ್ಮನ್ನೂ ಕೂಡೇ ಹೊರಗ ಹಾಕ್ತಿದ್ದಳು."

ಅಚ್ಚಿನ ಕೆಲಸ, ತಿಗರಿಯಲ್ಲ, ಅದಕ್ಕೇ ಒಪ್ಪಿದಳು. ಸುಟ್ಟ ಮೇಲೆ ಗಡಿಗೆಗೆ ಒಳಗೂ ಹೊರಗೂ ಬ್ರಶ್ಶಿನಿಂದ ಒಂದು ನೀರು ಬಳಿಯಬೇಕಿತ್ತು. ಅದರಲ್ಲಿ ಬೆಳ್ಳಿಯ ಕಣಗಳಿವೆ, ಎಷ್ಟು ಸಣ್ಣವೆಂದರೆ ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಕಾಣುವುದಿಲ್ಲ, ನ್ಯಾನೊ ಬೆಳ್ಳಿ, ಸೋಸುವಾಗ ತಪ್ಪಿಸಿಕೊಂಡ ಕ್ರಿಮಿಯನ್ನು ಅದು ಕೊಲ್ಲುತ್ತದೆ ಎಂದು ಮೇಡಮ್ಮಾರು ಬಿಡಿಸಿ ಹೇಳಿದರು. ಮಾಂಶಿ ಬಾಟಲಿಯನ್ನು ಬೆಳಕಿಗೆ ಹಿಡಿದಳು. ಬಣ್ಣ ಕಂದು-ಹಳದಿ.

"ಇದು ಬೆಳ್ಳಿ? ನಿಪ್ಪಾಣಿ ತಂಬಾಕ ನೆನಸಿದ ನೀರ ಇದ್ದಂಗ ಐತೆಲ್ರಿ!"

"ಚೂರು ಅಷ್ಟು ಸಣ್ಣ ಆದಾಗ ಬೆಳ್ಳಿ ಬಣ್ಣಾನೂ ಬೇರೆ, ಗುಣಾನೂ ಬೇರೆ ಅಮ್ಮಾ" ಎಂದರು ಅವರು.

ಮೊದಲು ಮಾಡಿದ ಗಡಿಗೆಗಳಲ್ಲಿ ಅರ್ಧಕ್ಕರ್ಧ ಸೀಳಿದವು. ಆಮೇಲೆ ಅವಳ ಕೈಗೆ ಹದ ಸಿಕ್ಕಿತು. ನೀರು ಎಷ್ಟು ಹೊತ್ತಿಗೆ ಎಷ್ಟು ಇಳಿಯುತ್ತದೆ ಎಂದು ಮೇಡಮ್ಮಾರು ಗಡಿಯಾರ ಹಿಡಿದು ನೋಡಿದರೆ, ಮಾಂಶಿ ತುಂಬಿದ ಗಡಿಗೆಯ ಹೊರಮೈಗೆ ಅಂಗೈ ಒತ್ತಿ, "ಇದು ಬೆವರಾಕತ್ತೈತಿ, ನಡೀತದ. ಇದು ಅಳಾಕತ್ತೈತಿ, ತೆಗೀರಿ" ಎನ್ನುತ್ತಿದ್ದಳು. ಇಬ್ಬರ ಲೆಕ್ಕ ಕೂಡುತ್ತಿತ್ತು. ಓಣಿಯ ಮನೆಮನೆಗೂ ಗಡಿಗೆ ಬಂತು. ನನ್ನ ಹತ್ತಿರ ನೀರು ಪರೀಕ್ಷೆಯ ಸಣ್ಣ ಬಾಟಲಿಗಳಿದ್ದವು. ನೀರು ತುಂಬಿ ಒಂದು ದಿನ ಇಟ್ಟರೆ ಕೆಟ್ಟ ನೀರು ಕರ್ರಗಾಗುತ್ತದೆ. ಆ ವರ್ಷ ಓಣಿಯ ಒಂದು ಬಾಟಲಿಯೂ ಕಪ್ಪಾಗಲಿಲ್ಲ. ಮಾಂಶಿ ಅವನ್ನು ಕಿಟಕಿಯಲ್ಲಿ ಸಾಲಾಗಿ ಇಟ್ಟು ಬಂದವರಿಗೆಲ್ಲ ತೋರಿಸಿದಳು. ಯೋಜನೆ ಮುಗಿಯಿತು, ಮೇಡಮ್ಮಾರು ತಮ್ಮ ಫೋನ್ ನಂಬರನ್ನು ನನಗೆ ಕೊಟ್ಟು ಹೊರಟರು. "ಏನೇ ಸಂಶಯ ಬಂದರೂ ಕೇಳಿ" ಎಂದಿದ್ದರು.

ಹೊಳೆಯ ಕೆಸರು ತೂತುಗಳಲ್ಲಿ ಸೇರಿ ಗಡಿಗೆಗಳು ನಿಧಾನವಾದವು. ಹೆಂಗಸರು ಅವನ್ನು ಹೊತ್ತು ಮಾಂಶಿಯ ಅಂಗಳಕ್ಕೆ ತಂದರು. ಕುಂಬಾರರ ಮನೆಯಲ್ಲಿ ಅದೊಂದು ರೂಢಿ. ಗಡಿಗೆ ಕೆಲಸ ಮಾಡದಿದ್ದರೆ ತಿರುಗಿ ತರಬೇಕು, ಅವರು ಅದನ್ನು ಮುಂದಿನ ಆವಿಗೆಯಲ್ಲಿ ಇನ್ನೊಮ್ಮೆ ಇಡುತ್ತಾರೆ, ಅದಕ್ಕೆ ಏನೂ ತೆಗೆದುಕೊಳ್ಳುವುದಿಲ್ಲ. ಮರುಸುಟ್ಟರೆ ತೂತಿನೊಳಗಿನ ಹೊಲಸು ಉರಿದು ನೀರು ಸರಾಗ ಇಳಿಯುತ್ತದೆ ಎಂಬುದು ಅವಳಿಗೆ ಕೈಯಿಂದಲೇ ಗೊತ್ತಿತ್ತು. ಆದರೂ ನನ್ನನ್ನು ಕೇಳಲು ಬಂದಳು.

ನಾನು ಚಿಕ್ಕೋಡಿಗೆ ಹೊರಟಿದ್ದೆ. ಅಲ್ಲಿ ನಮಗೆ ತರಬೇತಿ ಇತ್ತು. ವಿಷಯ ಹವಾಮಾನ ಬದಲಾವಣೆ ಮತ್ತು ಜನರ ಆರೋಗ್ಯ, ಈಗ ನೆನೆದರೆ ಮೈ ಉರಿಯುತ್ತದೆ. ಗಾಡಿ ಚಾಲೂ ಇತ್ತು, ಒಂದು ಕಾಲು ನೆಲದ ಮೇಲೆ.

"ಡಾಕ್ಟರಪ್ಪ, ಗಡಿಗಿ ಮತ್ತ ಸುಡಬೇಕಂತೀನಿ. ಆ ಬೆಳ್ಳಿಗೇನರ ಆದೀತೇನ? ಮೇಡಮ್ಮಾರಿಗೆ ಒಂದ್ ಫೋನ್ ಹಚ್ಚಿ ಕೇಳು."

"ಬೆಳ್ಳಿ ಸುಡತೈತೇನ ಮಾಂಶಿ? ಬೆಂಕಿಗೆ ಕ್ರಿಮಿ ಉಳಿತಾವೇನ? ಸುಡು, ಚಲೋನ ಆಗತೈತಿ."

"ಹೌದಲ್ಲ?"

"ಹೌದು, ಹೌದು." ಗಾಡಿಯ ಸದ್ದಿನಲ್ಲಿ ಕೂಗಿದೆ, ಹೋದೆ. ಫೋನ್ ಮಾಡಲಿಲ್ಲ. ಎರಡು ನಿಮಿಷದ ಕೆಲಸ.

ಆ ಬೇಸಿಗೆಯಲ್ಲಿ ಅವಳು ಎರಡು ಮನೆಯವು ಬಿಟ್ಟು ಓಣಿಯ ಎಲ್ಲ ಗಡಿಗೆಗಳನ್ನೂ ಮತ್ತೆ ಸುಟ್ಟಳು. ನೀರು ಮೊದಲಿನಂತೆ ಜಿನುಗಿತು. ಎಲ್ಲರೂ ಅವಳನ್ನು ಹೊಗಳಿದರು.

ಶ್ರಾವಣದಲ್ಲಿ ಕೃಷ್ಣೆ ಮತ್ತೆ ಬಂದಳು. ಎರಡು ಸಾವಿರದ ಹತ್ತೊಂಬತ್ತರ ಆ ನೀರನ್ನು ಕಂಡವರಿಗೆ ವರ್ಣನೆ ಬೇಡ. ಊರು ಖಾಲಿಯಾಗಿ ದಿಬ್ಬದ ಮೇಲಿನ ಶಾಲೆಗೆ ಹೋಯಿತು. ಮಾಂಶಿ ಬಟ್ಟೆಯ ಗಂಟು ಬಿಟ್ಟು ಗಡಿಗೆ ಹೊತ್ತು ದೋಣಿ ಹತ್ತಿದಳು. ಅವಳನ್ನು ನೋಡಿ ಓಣಿಯವರೂ ತಂತಮ್ಮ ಗಡಿಗೆ ಹೊತ್ತರು. ನೀರಿಳಿದು ಮನೆಗೆ ಮರಳಿದಾಗ ಬಾವಿ, ನಳ, ಟಾಕಿ ಎಲ್ಲ ಹೊಲಸಾಗಿದ್ದವು. ಟ್ಯಾಂಕರಿನ ನೀರು ತನ್ನಿ, ಇಲ್ಲವೇ ಕುದಿಸಿ ಕುಡಿಯಿರಿ ಎಂದು ನಾನು ಕೂಗುತ್ತ ತಿರುಗಿದೆ. ಬೇರೆ ಓಣಿಯವರು ಕೇಳಿದರು. ನಮ್ಮ ಓಣಿಯಲ್ಲಿ ಎದುರುಮನೆಯ ಕಾಕು ನಕ್ಕಳು. "ಒಲಿ ಹಸಿ ಐತಿ, ಕಟಗಿ ಹಸಿ ಅದಾವ, ಹೆಂಗ ಕುದಸೂದ್ರಿ? ನಮಗ ಬೆಳ್ಳಿ ಗಡಿಗಿ ಐತಿ, ಅದರಾಗ ಹೊಳಿ ನೀರ ಹಾಕಿದ್ರೂ ನಡೀತದ."

ಮೂರನೆಯ ದಿನ ನಮ್ಮ ಓಣಿಯಲ್ಲೇ ವಾಂತಿ-ಭೇದಿ ಎದ್ದಿತು. ಟ್ಯಾಂಕರ್ ನೀರು ಕುಡಿದ ಓಣಿಗಳು ನೆಟ್ಟಗಿದ್ದವು. ಕಾಕುವಿನ ಮೊಮ್ಮಗಳು, ಇನ್ನೂ ಎರಡು ತುಂಬದ ಕೂಸು, ಕಣ್ಣು ಒಳಸೇರಿ ಬಿದ್ದಿತು. ಅದನ್ನು ಅಥಣಿಗೆ ಸಾಗಿಸಿ ಸಲಾಯಿನ್ ಹಚ್ಚಿದರು. ನಾನು ಮನೆಮನೆಯ ಗಡಿಗೆಯ ನೀರನ್ನು ಬಾಟಲಿಗೆ ತುಂಬಿ ಇಟ್ಟೆ. ಮರುದಿನ ನೋಡಿದರೆ ಎರಡು ಬಿಟ್ಟು ಎಲ್ಲವೂ ಇದ್ದಿಲಿನ ಹಾಗೆ ಕರ್ರಗಾಗಿದ್ದವು. ತಿಳಿಯಾಗಿದ್ದ ಎರಡು ಯಾವ ಮನೆಯವು ಎಂದು ಚೀಟಿ ನೋಡಿದೆ. ಸುಡದೆ ಬಿಟ್ಟವು.

ಆಗ ಫೋನ್ ಮಾಡಿದೆ. ಮೇಡಮ್ಮಾರು ಮೊದಲು ಕೇಳಿದ್ದೇ, "ಯಾರಾದರೂ ಮತ್ತೆ ಸುಟ್ಟರೇನು?" ಎಂದು. ಆ ಕಾವಿಗೆ ಸಣ್ಣ ಕಣಗಳು ಒಂದಕ್ಕೊಂದು ಅಂಟಿ ದಪ್ಪಗಾಗಿಬಿಡುತ್ತವೆ, ಬೆಳ್ಳಿ ಇದ್ದರೂ ಅದರ ಆ ಗುಣ ಹೋಗುತ್ತದೆ ಎಂದರು. ಸುಡಬಹುದು, ಆದರೆ ಸುಟ್ಟ ಮೇಲೆ ಆ ನೀರನ್ನು ಮತ್ತೆ ಬಳಿಯಲೇಬೇಕು. "ನನ್ನನ್ನು ಒಂದು ಮಾತು ಕೇಳಬಾರದಿತ್ತೇ?"

ಮಾಂಶಿ ಅಂಗಳದ ಕೆಸರು ಬಾಚುತ್ತಿದ್ದಳು. ನಾನು ಹೇಳಿದ್ದನ್ನು ಪೂರ್ತಿ ಕೇಳಲೂ ಇಲ್ಲ. ಸಲಿಕೆ ಒಗೆದು ಕೆಸರುಗಾಲಲ್ಲೇ ಮೊದಲ ಮನೆಗೆ ನುಗ್ಗಿದಳು. "ನನ್ನ ಗಡಿಗಿ ನೀರ ಚೆಲ್ರಿ! ಒಂದ್ ಹನಿ ಕುಡೀಬ್ಯಾಡ್ರಿ! ಕೂಸುಗೊಳಿಗೆ ಮೊದಲ!" ಮನೆಮನೆಯಿಂದ ಗಡಿಗೆ ಎತ್ತಿ ತಂದು ತನ್ನ ಬಾಗಿಲ ಮುಂದೆ ಬೋರಲು ಹಾಕಿದಳು. ಅವಳ ಅಂಗಳದಲ್ಲಿ ಬೋರಲು ಬಿದ್ದ ಗಡಿಗೆ ನೀರಿಗೆ ಬಾರದ್ದು ಎಂದು ಊರಿಗೆಲ್ಲ ಗೊತ್ತು. ಒಂದೊಂದನ್ನು ಮಗುಚುವಾಗಲೂ ಅವಳ ಮುಖ ನೋಡಲಾಗುತ್ತಿರಲಿಲ್ಲ. ಅಂದಿನಿಂದ ಓಣಿಯಲ್ಲಿ ಹೊಸದಾಗಿ ಯಾರೂ ಬೀಳಲಿಲ್ಲ.

ಎರಡು ದಿನ ಬಿಟ್ಟು ಶಾಲೆಯ ಪಡಸಾಲೆಯಲ್ಲಿ ಸಭೆ ಸೇರಿತು. ತಾಲೂಕಿನ ದೊಡ್ಡ ಡಾಕ್ಟರು ಬಂದರು, ಬೆಳ್ಳಿನೀರಿನ ಡಬ್ಬಿ ಹಿಡಿದು ಮೇಡಮ್ಮಾರೂ ಬಂದರು. ಖಾಯಂ ಆಗುವವರ ಯಾದಿಯಲ್ಲಿ ಆ ವರ್ಷ ನನ್ನ ಹೆಸರಿತ್ತು. ಹದಿಮೂರು ವರ್ಷ ಕಾದದ್ದು. ದೊಡ್ಡ ಡಾಕ್ಟರು ಕೇಳಿದರು, "ಸುಡಲಿಕ್ಕೆ ಯಾರು ಹೇಳಿದರು?"

ನಾನು ಕೈಯಲ್ಲಿದ್ದ ರಜಿಸ್ಟರಿನ ಹಾಳೆ ತಿರುವಿದೆ. ಮಾಂಶಿ ನನ್ನತ್ತ ತಿರುಗಲೇ ಇಲ್ಲ.

"ಯಾರ ಹೇಳಬೇಕ್ರಿ? ಕುಂಬಾರಾಕಿ ನಾನು. ಸುಡೂದ ನನ್ನ ಕೆಲಸ. ಸುಟ್ಟೀನಿ."

ಅಷ್ಟರಲ್ಲಿ ಕಾಕು ಎದ್ದು ನಿಂತಳು. ಮೊಮ್ಮಗಳು ಇನ್ನೂ ಅಥಣಿಯಲ್ಲೇ ಇದ್ದಳು. "ಬೆಳ್ಳಿ ಬೆಂಕ್ಯಾಗ ಸುಟ್ಟ ಬೂದಿ ಆಗತೈತೇನ್ರಿ? ಕರಗತೈತಿ. ಕರಗಿದ್ದು ಎಲ್ಲೆರ ಸೇರಿರಬೇಕಲ್ಲ? ಪುಕ್ಕಟ ಯಾಕ ಸುಟ್ಟಕೊಟ್ಟಳು ಅಂತ ಈಗ ತಿಳೀತು."

ಪಡಸಾಲೆ ಗುಜುಗುಜು ಎಂದಿತು. ಎಲ್ಲ ಗಡಿಗೆಗಳ ಬೆಳ್ಳಿ ಕೂಡಿಸಿದರೂ ಒಂದು ಕಾಲುಂಗುರಕ್ಕೆ ಸಾಲದು ಎಂದು ಮೇಡಮ್ಮಾರು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮಾಂಶಿ ಇಷ್ಟೇ ಅಂದಳು: "ಕಾಕು, ನನ್ನ ಮನಿ ಬಾಗಲಾ ತೆಗದೈತಿ. ಹೋಗಿ ಹುಡುಕು." ಯಾರೂ ಹೋಗಲಿಲ್ಲ. ಹುಡುಕಿದ್ದರೆ ಒಳ್ಳೆಯದಿತ್ತು, ಸಿಗಲಿಲ್ಲವೆಂದಾದರೂ ಮಾತು ಮುಗಿಯುತ್ತಿತ್ತು.

ಮೇಡಮ್ಮಾರ ಜೊತೆ ಕೂತು ಅವಳೇ ಎಲ್ಲ ಗಡಿಗೆಗಳಿಗೂ ಮತ್ತೆ ಬೆಳ್ಳಿನೀರು ಬಳಿದಳು. ನಾನು ಬಾಟಲಿ ಇಟ್ಟು ನೋಡಿದೆ, ಒಂದೂ ಕಪ್ಪಾಗಲಿಲ್ಲ. ಜನ ಗಡಿಗೆ ಒಯ್ದರು. ಮಾತು ಮಾತ್ರ ಓಣಿಯಲ್ಲೇ ಉಳಿಯಿತು. ಮಾಂಶಿ ಹೊಸ ಮಣ್ಣಿನ ಬುಟ್ಟಿ ಹೊತ್ತು ಬಂದರೆ, "ಏನ್ ಮಾಂಶಿ, ಈ ಸಲ ಬಂಗಾರದ್ದೇನ?" ಎಂದು ಕಟ್ಟೆಯ ಮೇಲಿನವರು ಕೆಣಕುತ್ತಿದ್ದರು.

ತಡೆಯಲಾರದೆ ಒಂದು ಮಧ್ಯಾಹ್ನ ಅವಳ ಅಂಗಳಕ್ಕೆ ಹೋದೆ. ಮಣ್ಣು ನಾದುತ್ತಿದ್ದಳು.

"ಮಾಂಶಿ, ಯಾಕ ಹಂಗ ಹೇಳಿದಿ? ಹೇಳಿದಾವ ನಾನು."

"ನೀ ಹೇಳಿದ್ದು ನನಗೊಬ್ಬಾಕಿಗೆ. ಓಣಿಗೆಲ್ಲ ಹೇಳಿದಾಕಿ ನಾನು." ನಾದುತ್ತಲೇ ಇದ್ದಳು. "ನೋಡ ತಮ್ಮಾ, ನನ್ನ ಮ್ಯಾಲಿನ ನಂಬಿಕಿ ಹೋದ್ರ ಏನ್ ಆಗತೈತಿ? ಪ್ಲಾಸ್ಟಿಕ್ ಕೊಡಾ ತರತಾರ. ನಿನ್ನ ಮ್ಯಾಲಿಂದ ಹೋತಂದ್ರ? ಮುಂದಿನ ಹೊಳಿ ಬಂದಾಗ ನೀರ ಕುದಸ್ರಿ ಅಂತ ನೀ ಒದರಿದ್ರ ಯಾರ್ ಕೇಳ್ತಾರ?"

ಅದು ನಿಜವೂ ಆಗಿತ್ತು, ನನಗೆ ಅನುಕೂಲವೂ ಆಗಿತ್ತು. ಅನುಕೂಲದ್ದೆಂದೇ ನಾನು ಬೇಗ ಒಪ್ಪಿಕೊಂಡೆ.

"ಮತ್ತ ಬೆಳ್ಳಿ ಮಾತು?" ಎಂದೆ.

ಅವಳ ಕೈ ನಿಂತಿತು. ಮಣ್ಣಿನೊಳಗೆ ಹಾಗೇ ಹೂತಿದ್ದವು ಎರಡೂ ಕೈ. "ಅದೊಂದು ನುಂಗಾಕ ಆಗವಲ್ದು" ಎಂದಳು. "ತಪ್ಪ ಮಾಡಿದಾಕಿ ಅನ್ನಲಿ, ತಡಕೋತೀನಿ. ಕದ್ದಾಕಿ ಅಂತಾರಲ್ಲೋ."

"ನಾ ಹೇಳ್ತೀನಿ ಮಾಂಶಿ, ಎಲ್ಲಾರ ಮುಂದ. ಸುಡೂ ಮೊದಲ ಬೆಳ್ಳಿ ಚಿಂತಿ ಮಾಡಿದಾಕಿ ಆಕೀನ ಅಂತ ಹೇಳ್ತೀನಿ. ಖಾಯಂ ಆದೇಶ ಒಂದ್ ಬರಲಿ."

ಅವಳು ಕೈ ಹೊರತೆಗೆದು ಮಣ್ಣಿಗೆ ನೀರು ಚಿಮುಕಿಸಿದಳು. "ಬರಲಿ" ಎಂದಳು, ಮತ್ತೆ ನಾದಿದಳು.

ಆದೇಶ ಆ ತಿಂಗಳು ಬರಲಿಲ್ಲ, ಮುಂದಿನ ತಿಂಗಳೂ ಬರಲಿಲ್ಲ. ಮಹಾಪೂರದ ತೇವ ಹೀರಿದ ಗೋಡೆಗಳ ನಡುವೆ, ವರ್ಷಾನುಗಟ್ಟಲೆ ಆವಿಗೆಯ ಹೊಗೆ ಕುಡಿದ ಅವಳ ಎದೆ ಕಟ್ಟಿಕೊಂಡಿತು. ಕಾರ್ತಿಕದ ಕೊನೆಯ ಛಟ್ಟಿ ಅಮಾವಾಸ್ಯೆಗೆ ನಾಲ್ಕು ದಿನ ಮೊದಲು, ಹಸಿ ಗಡಿಗೆಗಳನ್ನು ನೆರಳಿಗೆ ಸರಿಸುತ್ತಿದ್ದವಳು ಕುಸಿದಳು. ನಾನು ಓಡಿಹೋಗಿ ನಾಡಿ ಹಿಡಿದೆ. ಹಿಡಿಯುವಂಥದ್ದೇನೂ ಉಳಿದಿರಲಿಲ್ಲ.

ಮೂರನೆಯ ದಿನ ಓಣಿಯೆಲ್ಲ ಅವಳ ಅಂಗಳದಲ್ಲಿ ಸೇರಿತ್ತು. ಅಲಖನೂರಿನಿಂದ ಮಗಳು ಬಂದಿದ್ದಳು. ನಾನು ನಿಂತು ಎಲ್ಲವನ್ನೂ ಹೇಳಿದೆ. ಮೇಡಮ್ಮಾರನ್ನು ಕೇಳು ಎಂದು ಅವಳು ಅಂದದ್ದು, ಗಾಡಿಯಿಂದ ಇಳಿಯದೆ ನಾನು ಸುಡು ಎಂದದ್ದು, ಸಭೆಯಲ್ಲಿ ಸುಮ್ಮನಿದ್ದದ್ದು. ಆದೇಶ ಇನ್ನೂ ಬಂದಿರಲಿಲ್ಲ. ಅದರ ನೆನಪೂ ಆಗಲಿಲ್ಲ. ಯಾರೂ ಬೈಯಲಿಲ್ಲ. ಮಗಳು ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಕಾಕು ಮೊಮ್ಮಗಳನ್ನು ಸೊಂಟದ ಮೇಲೆ ಹೊತ್ತು ಎದ್ದು ನನ್ನ ಮುಂದೆ ಬಂದು ನಿಂತಳು. ಬಡಿಯುತ್ತಾಳೆ ಅಂದುಕೊಂಡೆ. ಬಡಿದಿದ್ದರೆ ಹಗುರಾಗುತ್ತಿತ್ತು.

"ಮೊದಲ ಹೇಳಿದ್ರ ನಾ ಹೋಗಿ ಆಕಿ ಕೈ ಹಿಡಕೊಂತಿದ್ನೆಲ್ಲೋ ತಮ್ಮಾ" ಎಂದಳು. ಧ್ವನಿ ಏರಿರಲಿಲ್ಲ. "ಕಳ್ಳಿ ಅಂದೀನಿ ಆಕಿಗೆ. ಊರ ಮುಂದ ಅಂದೀನಿ. ಈಗ ಆ ಮಾತ ಯಾರ ಮುಂದ ಹಿಂದಕ್ಕ ತಗೊಳ್ಳಿ?"

ಅವಳು ಉತ್ತರಕ್ಕೆ ಕಾದಳು. ನಾನು ಬಗ್ಗಿ, ಮಾಂಶಿ ಬಿಸಿಲಿನಲ್ಲೇ ಬಿಟ್ಟುಹೋದ ಒಂದು ಹಸಿ ಗಡಿಗೆಯನ್ನು ನೆರಳಿಗೆ ಸರಿಸಿದೆ.